ಬಿಳಿ ಕಣ ನಾರ್ಮಲ್ ಆಗಿದೆ, ಇನ್ನೂ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದಾರೆ. ಎರಡೂವರೆ ವರ್ಷದ ಹಿಂದೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಆಗಿನಿಂದ ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್ ತಗೊಳ್ತಿದ್ದಾರೆ. ಎರಡು ತಿಂಗಳಲ್ಲೇ ಬಿಳಿ ಕಣ ನಾರ್ಮಲ್‌ಗೆ ಬಂತು. ಬಿಸಿಆರ್-ಎಬಿಎಲ್ ಟೆಸ್ಟ್ ಹೋದ ಸಲ 0.05 ಇತ್ತು, ಈ ಸಲ 0.08 ಬಂದಿದೆ. ಜಾಸ್ತಿ ಆಯಿತಲ್ಲ ಅಂತ ನಮಗೆ ಭಯ. ಮಾವ ಮಾತ್ರ, "ಅದು ಸೊನ್ನೆಗೆ ಸಮ, ಇಷ್ಟು ದಿನ ಮಾತ್ರೆ ತಿಂದದ್ದು ಸಾಕು, ನಿಲ್ಲಿಸಿ" ಅನ್ನುತ್ತಾರೆ. ಜೀನ್ ಬದಲಾಗಿ ಬಂದ ಕಾಯಿಲೆ ಅಂದರು ಡಾಕ್ಟ್ರು. ಜೀನೇ ಬದಲಾಗಿದ್ದರೆ ಒಂದು ಮಾತ್ರೆಯಿಂದ ಹೇಗೆ ಸರಿಹೋಗುತ್ತದೆ? ನನಗೂ ತಮ್ಮನಿಗೂ ಬರುತ್ತದಾ? ಇನ್ನೊಂದು, ಅಪ್ಪನ ಮುಖ ಮೊದಲಿಗಿಂತ ಬೆಳ್ಳಗಾಗಿದೆ, ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತದೆ. ಇದೂ ಕಾಯಿಲೆಯದ್ದೇನಾ?

ಉತ್ತರ: ಅವಸರದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಮಾವನವರಿಗೂ ಇದನ್ನು ಗಟ್ಟಿಯಾಗಿಯೇ ಹೇಳಿ. 0.05 ಇದ್ದದ್ದು 0.08 ಆಯಿತು ಅಂತ ನಿದ್ದೆ ಕೆಡಿಸಿಕೊಳ್ಳುವುದೂ ಬೇಡ. ಯಾಕೆ ಅನ್ನುವುದು ಮುಂದೆ ಬರುತ್ತದೆ. ನೀವು ಕೇಳಿದ್ದರಲ್ಲಿ ಎಲ್ಲಕ್ಕೂ ಮೂಲವಾದದ್ದು ಒಂದೇ ಪ್ರಶ್ನೆ: ಜೀನೇ ಬದಲಾಗಿದ್ದರೆ ಮಾತ್ರೆ ಏನು ಮಾಡೀತು? ಅಲ್ಲಿಂದಲೇ ಶುರು ಮಾಡೋಣ.

ಜೀನ್ ಬದಲಾಗಿದೆ ಎಂದ ಕೂಡಲೇ ಏನೋ ಕಾಣೆಯಾಗಿದೆ, ಏನೋ ಕೆಲಸ ನಿಂತಿದೆ ಅಂದುಕೊಳ್ಳುತ್ತೇವೆ. ಕೆಲವು ಕಾಯಿಲೆಗಳಲ್ಲಿ ಹಾಗೇ ಆಗುತ್ತದೆ. ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ಇರುವುದಿಲ್ಲ, ಇದ್ದರೂ ಸಾಲುವುದಿಲ್ಲ. ಅದನ್ನು ಹೊರಗಿನಿಂದ ಕೊಡಬೇಕು. ಸಿಎಂಎಲ್‌ನಲ್ಲಿ ಆಗುವುದು ಇದರ ತದ್ವಿರುದ್ಧ. ಇಲ್ಲಿ ಒಂದು ಪ್ರೋಟೀನ್ ಕೆಲಸ ಮಾಡುತ್ತಲೇ ಇರುತ್ತದೆ. ನಿಲ್ಲುವುದೇ ಇಲ್ಲ.

ಆ ಪ್ರೋಟೀನ್ ಹುಟ್ಟಿದ್ದು ಹೀಗೆ. ನಮ್ಮ ಕೋಶಗಳಲ್ಲಿ 46 ಕ್ರೋಮೋಸೋಮ್‌ಗಳಿವೆ. 9ನೆಯದರ ತುದಿಯ ಹತ್ತಿರ ಎಬಿಎಲ್ ಎಂಬ ಜೀನ್ ಇದೆ, 22ನೆಯದರಲ್ಲಿ ಬಿಸಿಆರ್ ಎಂಬ ಜೀನ್. ಎರಡೂ ಎಲ್ಲರಲ್ಲೂ ಇರುವಂಥವೇ, ಎರಡಕ್ಕೂ ಅವುಗಳದೇ ಕೆಲಸ ಇದೆ. ನಿಮ್ಮ ತಂದೆಯವರ ಮೂಳೆಯ ಮಜ್ಜೆಯಲ್ಲಿ, ಎಂದೋ ಒಂದು ದಿನ, ಒಂದೇ ಒಂದು ಕಾಂಡಕೋಶದಲ್ಲಿ ಈ ಎರಡು ಕ್ರೋಮೋಸೋಮ್‌ಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡವು. ಬಿಸಿಆರ್ ಮುಂದೆ, ಎಬಿಎಲ್ ಹಿಂದೆ ಸೇರಿ ಹೊಸದೊಂದು ಜೀನ್ ಆಯಿತು. 22ನೆಯದು ಗಿಡ್ಡವಾಯಿತು. ಈ ಗಿಡ್ಡ ಕ್ರೋಮೋಸೋಮನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಮೊದಲು ಗುರುತಿಸಿದರು. ಅದಕ್ಕೇ ರಿಪೋರ್ಟಿನಲ್ಲಿ 'ಫಿಲಡೆಲ್ಫಿಯಾ ಕ್ರೋಮೋಸೋಮ್' ಅಂತ ಬರುವುದು. ಆದರೆ ಕಾಣೆಯಾದ ತುಂಡು ಎಲ್ಲಿ ಹೋಯಿತು ಅನ್ನುವುದು 1973ರವರೆಗೆ ಗೊತ್ತಿರಲಿಲ್ಲ. ಶಿಕಾಗೋದ ಜಾನೆಟ್ ರೌಲಿ ಕ್ರೋಮೋಸೋಮ್‌ಗಳಿಗೆ ಹೊಸ ರೀತಿಯಲ್ಲಿ ಬಣ್ಣ ಕಟ್ಟಿ ನೋಡಿ, ಅದು 9ನೆಯದಕ್ಕೆ ಹೋಗಿ ಅಂಟಿದೆ ಎಂದು ತೋರಿಸಿದರು.

ಆರೋಗ್ಯವಂತರನ್ನು ತುಂಬಾ ಸೂಕ್ಷ್ಮವಾದ ವಿಧಾನದಿಂದ ಪರೀಕ್ಷಿಸಿದಾಗ ಅವರಲ್ಲಿ ಕೆಲವರ ರಕ್ತದಲ್ಲೂ ಈ ಜೋಡಿ ಜೀನಿನ ಸುಳಿವು ಸಿಕ್ಕಿದೆ. ಅವರಿಗೆ ಕಾಯಿಲೆ ಇಲ್ಲ. ನಾಲ್ಕು ದಿನ ಬದುಕಿ ಸಾಯುವ ಕೋಶದಲ್ಲಿ ಇದು ನಡೆದರೆ ಅಲ್ಲಿಗೇ ಮುಗಿಯಿತು. ವರ್ಷಗಟ್ಟಲೆ ಉಳಿದು, ತನ್ನಂಥ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಕಾಂಡಕೋಶದಲ್ಲಿ ನಡೆದರೆ ಮಾತ್ರ ಕಷ್ಟ. ನಿಮ್ಮ ತಂದೆಯವರ ಊಟ, ಅಭ್ಯಾಸ, ತೋಟಕ್ಕೆ ಹೊಡೆದ ಔಷಧಿ ಅಂತ ಕಾರಣ ಹುಡುಕಿ ಯಾರನ್ನೂ ದೂರಬೇಡಿ. ಈ ಕಾಯಿಲೆಗೆ ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ ಭಾರೀ ಪ್ರಮಾಣದ ವಿಕಿರಣ ಒಂದೇ. ಹಿರೋಶಿಮಾ ಬಾಂಬಿನಿಂದ ಬದುಕಿ ಉಳಿದವರಲ್ಲಿ ಸಿಎಂಎಲ್ ಹೆಚ್ಚಾಗಿತ್ತು. ಉಳಿದ ಬಹುತೇಕರಲ್ಲಿ ಇದು ಆಕಸ್ಮಿಕ.

ಇನ್ನು ಪ್ರೋಟೀನಿನ ವಿಷಯ. ಎಬಿಎಲ್ ಒಂದು ಕೈನೇಸ್. ಕೈನೇಸ್‌ಗಳು ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುತ್ತವೆ. ಫಾಸ್ಫೇಟ್ ಅಂಟಿತು ಅಂದರೆ ಆ ಪ್ರೋಟೀನ್ ಚುರುಕಾಗುತ್ತದೆ, ಅಥವಾ ಸುಮ್ಮನಾಗುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ. ಕೋಶದೊಳಗೆ ಸುದ್ದಿ ಓಡಾಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಆರೋಗ್ಯವಂತ ಎಬಿಎಲ್ ತನ್ನ ಮುಂದಿನ ತುದಿಯನ್ನು ತನ್ನ ಮೇಲೇ ಮಡಚಿಕೊಂಡು ಬೀಗ ಹಾಕಿಕೊಂಡಿರುತ್ತದೆ. ಬೇಕಾದಾಗ ತೆರೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಮುಚ್ಚಿಕೊಳ್ಳುತ್ತದೆ. ಬಿಸಿಆರ್ ಬಂದು ಅಂಟಿದಾಗ ಈ ಮುಂದಿನ ತುದಿಯೇ ಹೋಗಿಬಿಡುತ್ತದೆ. ಸಾಲದ್ದಕ್ಕೆ, ಬಿಸಿಆರ್ ಭಾಗಕ್ಕೆ ಒಂದಕ್ಕೊಂದು ತಗಲಿಕೊಳ್ಳುವ ಗುಣ ಇದೆ. ನಾಲ್ಕು ಪ್ರೋಟೀನ್‌ಗಳು ಒಟ್ಟುಸೇರಿ ಒಂದನ್ನೊಂದು ಚುರುಕು ಮಾಡುತ್ತವೆ. ತೋಟದ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಇರುತ್ತದಲ್ಲ, ನೀರು ತುಂಬಿದ ಕೂಡಲೇ ಪಂಪ್ ತಾನೇ ನಿಲ್ಲಲಿ ಅಂತ? ಆ ಫ್ಲೋಟನ್ನೇ ಕಿತ್ತು ಪಂಪನ್ನು ಸೀದಾ ಲೈನಿಗೆ ಕೊಟ್ಟ ಹಾಗೆ ಇದು. ಪಂಪ್ ಕೆಟ್ಟಿಲ್ಲ. ಟ್ಯಾಂಕ್ ತುಂಬಿ ಹರಿದರೂ ಓಡುತ್ತಿದೆ, ಅಷ್ಟೇ.

ಹಾಗೆ ಓಡುತ್ತಿದ್ದರೆ ಕೋಶಕ್ಕೆ ಏನಾಗುತ್ತದೆ? ಒಂದು ಪ್ರೋಟೀನಿನ ಚಟುವಟಿಕೆ ಬದಲಾದರೆ ಅಲ್ಲಿಗೇ ನಿಲ್ಲುವುದಿಲ್ಲ. ಅದು ಬೇರೆ ಜೀನ್‌ಗಳ ಕೆಲಸವನ್ನೂ ಬದಲಿಸುತ್ತದೆ. ಬಿಸಿಆರ್-ಎಬಿಎಲ್ ಫಾಸ್ಫೇಟ್ ಅಂಟಿಸುವ ಪ್ರೋಟೀನ್‌ಗಳಲ್ಲಿ ಸ್ಟ್ಯಾಟ್5 ಎಂಬುದು ಒಂದು. ಮಾಮೂಲಿಯಾಗಿ ದೇಹ ಬೆಳವಣಿಗೆಯ ಹಾರ್ಮೋನಿನಂಥ ಸಂದೇಶ ಕಳಿಸಿದಾಗ ಮಾತ್ರ ಸ್ಟ್ಯಾಟ್5 ಎಚ್ಚರವಾಗಿ, ಕೋಶದ ನ್ಯೂಕ್ಲಿಯಸ್‌ಗೆ ಹೋಗಿ, ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅವುಗಳಲ್ಲಿ ಕೋಶ ಸಾಯದಂತೆ ತಡೆಯುವ ಬಿಸಿಎಲ್-ಎಕ್ಸ್‌ಎಲ್ ಕೂಡ ಇದೆ. ಇಲ್ಲಿ ಯಾವ ಸಂದೇಶವೂ ಬಂದಿಲ್ಲ, ಆದರೂ ಸ್ಟ್ಯಾಟ್5 ಸದಾ ಒಳಗೇ ಕೂತಿದೆ. ಸಾಯಬೇಕಾದ ಕೋಶ ಸಾಯುವುದಿಲ್ಲ. ಇನ್ನೊಂದು ಕಡೆ ರಾಸ್ ಎಂಬ ಪ್ರೋಟೀನಿನ ದಾರಿ ತೆರೆದುಕೊಂಡು, ಒಡೆದು ಎರಡಾಗು ಎಂಬ ಆಜ್ಞೆ ಹೋಗುತ್ತಲೇ ಇರುತ್ತದೆ. ಮತ್ತೊಂದು ಕಡೆ, ಮಜ್ಜೆಯ ಗೋಡೆಗೆ ಕೋಶವನ್ನು ಹಿಡಿದಿಡುವ ಹಿಡಿತ ಸಡಿಲವಾಗುತ್ತದೆ. ಪೂರ್ತಿ ಬಲಿಯದ ಕೋಶಗಳು ಬೇಗ ರಕ್ತಕ್ಕೆ ಇಳಿಯುತ್ತವೆ. ಒಂದೇ ಪ್ರೋಟೀನ್, ಮೂರು ದಾರಿ. ಫಲ ನಿಮಗೆ ಗೊತ್ತೇ ಇದೆ: ಕಾಯಿಲೆ ಪತ್ತೆಯಾಗುವಾಗ ಎಷ್ಟೋ ಜನರ ಬಿಳಿ ಕಣ ಲಕ್ಷ ದಾಟಿರುತ್ತದೆ, ಗುಲ್ಮ ದಪ್ಪವಾಗಿ ಎಡ ಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ.

ಇಷ್ಟಾದರೂ ಎಷ್ಟೋ ಜನರಿಗೆ ಸ್ವಲ್ಪ ಸುಸ್ತು ಬಿಟ್ಟರೆ ಬೇರೇನೂ ಅನಿಸಿರುವುದಿಲ್ಲ. ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಗೊತ್ತಾಗುತ್ತದೆ. ಇದಕ್ಕೂ ಕಾರಣ ಇದೆ. ಮೊದಲ ಹಂತದಲ್ಲಿ ಈ ಕೋಶಗಳು ಬಲಿಯುವುದನ್ನು ಮರೆತಿರುವುದಿಲ್ಲ. ಹೆಚ್ಚು ಹೆಚ್ಚಾಗಿ ಹುಟ್ಟುತ್ತವೆ, ಆದರೆ ಹುಟ್ಟಿದವು ಸುಮಾರಾಗಿ ಬಿಳಿ ಕಣದ ಕೆಲಸ ಮಾಡುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಈ ನೆಮ್ಮದಿ ಮೂರರಿಂದ ಐದು ವರ್ಷ. ಬಿಸಿಆರ್-ಎಬಿಎಲ್ ಚಟುವಟಿಕೆ ಜಾಸ್ತಿ ಇದ್ದಷ್ಟೂ ಡಿಎನ್‌ಎಗೆ ಪೆಟ್ಟು ಬೀಳುತ್ತದೆ, ರಿಪೇರಿಯೂ ಒರಟಾಗಿ ನಡೆಯುತ್ತದೆ, ಹೊಸ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ. ಕೊನೆಗೆ ಕೋಶ ಬಲಿಯುವುದನ್ನೇ ಬಿಟ್ಟುಬಿಡುತ್ತದೆ. ಅದು ಬ್ಲಾಸ್ಟ್ ಹಂತ. ಅಲ್ಲಿಗೆ ಹೋದರೆ ವೈದ್ಯರಿಗೂ ಕೈ ಕಟ್ಟಿದಂತಾಗುತ್ತದೆ. ಮಾತ್ರೆಯಿಂದ ಆಗುತ್ತಿರುವ ದೊಡ್ಡ ಲಾಭ ಬಿಳಿ ಕಣ ಇಳಿದದ್ದಲ್ಲ, ಈ ದಾರಿಗೆ ಅಡ್ಡ ನಿಂತಿರುವುದು.

ಮಾತ್ರೆ ಜೀನನ್ನು ಮುಟ್ಟುವುದೇ ಇಲ್ಲ. ಅಂಟಿಕೊಂಡ ಜೀನ್ ಅಂಟಿಕೊಂಡೇ ಇದೆ, ಅದರಿಂದ ಪ್ರೋಟೀನ್ ತಯಾರಾಗುತ್ತಲೇ ಇದೆ. ಇಮ್ಯಾಟಿನಿಬ್ ಹೋಗಿ ಕೂರುವುದು ಎಬಿಎಲ್ ಭಾಗದಲ್ಲಿ ಎಟಿಪಿ ಬಂದು ಕೂರುವ ಸಣ್ಣ ಗುಂಡಿಯಲ್ಲಿ. ಎಟಿಪಿಗೆ ಜಾಗ ಇಲ್ಲ, ಫಾಸ್ಫೇಟ್ ಇಲ್ಲ, ಸಂದೇಶ ಇಲ್ಲ. ಆ ಸಂದೇಶದ ಮೇಲೇ ಬದುಕಿದ್ದ ಕೋಶಗಳು ಸಾಯುತ್ತವೆ. ಒಳ್ಳೆಯ ಕೋಶಗಳಿಗೆ ಬದುಕಲು ಬೇರೆ ಆಸರೆಗಳಿರುವುದರಿಂದ ಅವು ತಡೆದುಕೊಳ್ಳುತ್ತವೆ, ಖಾಲಿಯಾದ ಮಜ್ಜೆಯನ್ನು ತುಂಬಿಕೊಳ್ಳುತ್ತವೆ. 1998ರಲ್ಲಿ ಬ್ರಯನ್ ಡ್ರುಕರ್ ಮತ್ತು ಜೊತೆಗಾರರು ಇದನ್ನು ರೋಗಿಗಳಿಗೆ ಕೊಡಲು ಶುರುಮಾಡಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಲೆಕ್ಕ ಪೂರ್ತಿ ಸರಿಹೋಯಿತು. ಕ್ಯಾನ್ಸರ್ ಔಷಧಿಯ ಮೊದಲ ಹಂತದ ಪರೀಕ್ಷೆಯಲ್ಲಿ ಇಂಥ ಫಲಿತಾಂಶ ಕೇಳಿದ್ದೇ ಇಲ್ಲ ಎನ್ನುವ ಹಾಗಿತ್ತು. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮುಂದೆ ನಡೆದ ದೊಡ್ಡ ಅಧ್ಯಯನದಲ್ಲಿ, ಇಮ್ಯಾಟಿನಿಬ್‌ನಿಂದ ಶುರುಮಾಡಿದವರಲ್ಲಿ 100ಕ್ಕೆ ಸುಮಾರು 83 ಜನ ಹತ್ತು ವರ್ಷದ ನಂತರವೂ ಬದುಕಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೂಲ ಕಂಪನಿಯ ಮಾತ್ರೆಗೆ ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಭಾರತೀಯ ಕಂಪನಿಗಳ ಜೆನೆರಿಕ್ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಆ ಮೂಲ ಕಂಪನಿ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಹಳೆಯ ಅಣುವಿನ ಹೊಸ ಹರಳು ರೂಪಕ್ಕೆ ಪೇಟೆಂಟ್ ಕೊಡಲಾಗದು ಎಂಬುದು ತೀರ್ಪಿನ ತಿರುಳು. ಸಾಗರದ ಮೆಡಿಕಲ್ ಶಾಪಿನಲ್ಲಿ ಇವತ್ತು ಈ ಮಾತ್ರೆ ನಿಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದರೆ ಆ ತೀರ್ಪಿನ ಪಾಲೂ ಅದರಲ್ಲಿದೆ.

ಈಗ ರಿಪೋರ್ಟಿಗೆ ಬರೋಣ. ಈ ಟೆಸ್ಟ್ ಕೋಶಗಳನ್ನು ಎಣಿಸುವುದಿಲ್ಲ. ಜೀನಿನಿಂದ ಪ್ರೋಟೀನ್ ತಯಾರಾಗುವ ಮುಂಚೆ ಆರ್‌ಎನ್‌ಎ ಎಂಬ ಪ್ರತಿ ಹೊರಡುತ್ತದೆ. ರಕ್ತದಲ್ಲಿ ಬಿಸಿಆರ್-ಎಬಿಎಲ್‌ನ ಇಂಥ ಪ್ರತಿಗಳು, ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಜೀನಿನ ಪ್ರತಿಗಳ ಮುಂದೆ ಎಷ್ಟಿವೆ ಅಂತ ಲೆಕ್ಕ ಹಾಕುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸ ಬರದಿರಲಿ ಅಂತ ಅಂತರರಾಷ್ಟ್ರೀಯ ಅಳತೆಗೆ ಹೊಂದಿಸುತ್ತಾರೆ. ರಿಪೋರ್ಟಿನಲ್ಲಿ ಐಎಸ್ ಎಂದು ಬರೆದಿರುವುದು ಅದಕ್ಕೇ. ಆ ಎರಡು ಅಕ್ಷರ ಇಲ್ಲದ ರಿಪೋರ್ಟನ್ನು ಹಳೆಯದರ ಜೊತೆ ಹೋಲಿಸಬೇಡಿ. ಚಿಕಿತ್ಸೆಗೆ ಮುಂಚಿನ ಸಾಮಾನ್ಯ ಮಟ್ಟ 100 ಅಂತ ಇಟ್ಟುಕೊಂಡರೆ, ಮೂರು ತಿಂಗಳಲ್ಲಿ 10ಕ್ಕಿಂತ ಕೆಳಗೆ, ಒಂದು ವರ್ಷದ ಹೊತ್ತಿಗೆ 0.1 ಅಥವಾ ಅದಕ್ಕಿಂತ ಕೆಳಗೆ ಬರಲಿ ಅಂತ ನಿರೀಕ್ಷೆ. ನಿಮ್ಮ ತಂದೆಯವರದು 0.1ರ ಕೆಳಗಿದೆ. ಇದು ಒಳ್ಳೆಯ ಫಲಿತಾಂಶ.

ಇಷ್ಟು ಕೆಳಗಿನ ಮಟ್ಟದಲ್ಲಿ ಒಂದೇ ರಕ್ತವನ್ನು ಎರಡು ಸಲ ಪರೀಕ್ಷಿಸಿದರೂ ಅಂಕಿ ಎರಡು ಪಟ್ಟು ಆಚೆ ಈಚೆ ಆಗುವುದುಂಟು. 0.05 ಮತ್ತು 0.08 ನಡುವೆ ನಾನು ವ್ಯತ್ಯಾಸವನ್ನೇ ಕಾಣುವುದಿಲ್ಲ. 0.1 ದಾಟಿ, ಮತ್ತೊಮ್ಮೆ ಮಾಡಿಸಿದಾಗಲೂ ಏರುತ್ತಾ ಹೋದರೆ ಆಗ ವಿಚಾರ ಮಾಡಬೇಕು.

ನಿಮ್ಮ ಮಾವನವರ "ಸೊನ್ನೆಗೆ ಸಮ" ಎಂಬ ಮಾತಿಗೆ ಒಂದು ಲೆಕ್ಕ ಕೊಡುತ್ತೇನೆ. ಕಾಯಿಲೆ ಪತ್ತೆಯಾಗುವಾಗ ದೇಹದಲ್ಲಿ ಅಂದಾಜು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳು ಇರುತ್ತವೆ. 0.1 ಶೇಕಡಾ ಅಂದರೆ ಅದರ ಸಾವಿರದಲ್ಲಿ ಒಂದು ಪಾಲು, ಅಂದರೆ 100 ಕೋಟಿ. ರಕ್ತದ ಮಾಮೂಲಿ ಟೆಸ್ಟಿಗೆ ಅಷ್ಟು ಕಾಣುವುದೇ ಇಲ್ಲ. ಅದಕ್ಕೇ ಬಿಳಿ ಕಣ ನಾರ್ಮಲ್. ಅದಕ್ಕಿಂತ ಮುಖ್ಯ, ಇವುಗಳಲ್ಲಿ ಕೆಲವು ಮೂಲ ಕಾಂಡಕೋಶಗಳು. ಅವು ಮಜ್ಜೆಯೊಳಗೆ ಹೆಚ್ಚು ಹೊತ್ತು ಸುಮ್ಮನೆ ಮಲಗಿರುತ್ತವೆ. ಅವುಗಳಲ್ಲೂ ಮಾತ್ರೆ ಬಿಸಿಆರ್-ಎಬಿಎಲ್ ಕೆಲಸವನ್ನು ನಿಲ್ಲಿಸುತ್ತದೆ, ಆದರೂ ಅವು ಸಾಯುವುದಿಲ್ಲ. ಬದುಕಲು ಅವು ಈ ಪ್ರೋಟೀನನ್ನೇ ನಂಬಿಕೊಂಡಿಲ್ಲ. ಮಾತ್ರೆ ನಿಂತಾಗ ಸಂದೇಶ ಮತ್ತೆ ಶುರು.

ಹಾಗಾದರೆ ಜೀವನಪೂರ್ತಿನಾ ಅಂತ ಕೇಳುತ್ತೀರಿ. ಎಲ್ಲರಿಗೂ ಅಲ್ಲ. ಫ್ರಾನ್ಸಿನಲ್ಲಿ ಸ್ಟಿಮ್ ಎಂಬ ಅಧ್ಯಯನ ನಡೆಯಿತು. ಎರಡು ವರ್ಷ ಬಿಸಿಆರ್-ಎಬಿಎಲ್ ಸಿಗದೇ ಇದ್ದ 100 ಜನರಲ್ಲಿ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. ಹತ್ತರಲ್ಲಿ ನಾಲ್ಕು ಜನರಿಗೆ ಕಾಯಿಲೆ ಮರಳಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು. ಮಾತ್ರೆ ಮತ್ತೆ ಶುರುಮಾಡಿದಾಗ ಹತೋಟಿಗೆ ಬಂತು. ಈಗ ವೈದ್ಯರು ನಿಲ್ಲಿಸುವ ಮಾತೆತ್ತುವುದು ಹಲವು ವರ್ಷ ಮಾತ್ರೆ ತೆಗೆದುಕೊಂಡು, 0.01ಕ್ಕಿಂತ ಕೆಳಗೆ ಕನಿಷ್ಠ ಎರಡು ವರ್ಷ ಬಿಡದೇ ಇದ್ದವರಲ್ಲಿ. ನಿಲ್ಲಿಸಿದ ಮೇಲೂ ಮೊದಮೊದಲು ಪ್ರತಿ ತಿಂಗಳು ಟೆಸ್ಟ್ ಮಾಡಿಸಬೇಕು. ನಿಮ್ಮ ತಂದೆಯವರು ಇನ್ನೂ ಆ ಜಾಗಕ್ಕೆ ಬಂದಿಲ್ಲ. ಮುಂದೆ ಬರಬಹುದು.

ಅಲ್ಲಿಯವರೆಗೆ ಮಾತ್ರೆ ತಪ್ಪಿಸುವುದು ನಿಲ್ಲಿಸುವುದಕ್ಕಿಂತ ಏನೂ ಕಡಿಮೆಯಲ್ಲ. ಲಂಡನ್ನಿನಲ್ಲಿ ಡಬ್ಬಿಯ ಮುಚ್ಚಳಕ್ಕೆ ಚಿಪ್ ಹಾಕಿ, ರೋಗಿಗಳು ನಿಜವಾಗಿ ಎಷ್ಟು ಮಾತ್ರೆ ತಗೊಳ್ತಾರೆ ಅಂತ ನೋಡಿದರು. ಹೇಳಿದ್ದರಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ತೆಗೆದುಕೊಂಡವರಲ್ಲಿ ಆರು ವರ್ಷದಲ್ಲಿ 0.1ರ ಮಟ್ಟ ಮುಟ್ಟುವ ಸಾಧ್ಯತೆ ಶೇಕಡಾ 94.5. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ 28.4. ಶೇಕಡಾ 90 ಅಂದರೆ ತಿಂಗಳಿಗೆ ಮೂರೇ ಮಾತ್ರೆ ಬಿಟ್ಟ ಹಾಗೆ! ಮದುವೆ ಮನೆ, ಕೊಯ್ಲು, ತೀರ್ಥಯಾತ್ರೆ, ಮೂರು ದಿನ ಹೋಗುವುದು ಗೊತ್ತೇ ಆಗುವುದಿಲ್ಲ.

ಔಷಧಿ ಕೆಲಸ ಮಾಡದೇ ಹೋಗುವ ಇನ್ನೊಂದು ದಾರಿ ಜೀನಿನದೇ. ಎಬಿಎಲ್ ಪ್ರೋಟೀನಿನ 315ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಇದೆ. ಇಮ್ಯಾಟಿನಿಬ್ ಅದನ್ನು ಹಿಡಿದುಕೊಂಡೇ ಗುಂಡಿಯಲ್ಲಿ ಕೂರುವುದು. ಡಿಎನ್‌ಎಯಲ್ಲಿ ಒಂದು ಅಕ್ಷರ, ಸಿ ಇದ್ದದ್ದು ಟಿ ಆದರೆ, ಅಲ್ಲಿ ಐಸೋಲ್ಯೂಸಿನ್ ಬರುತ್ತದೆ. ಹಿಡಿಯಲು ಆಸರೆಯೂ ಇಲ್ಲ, ಕೂರಲು ಜಾಗವೂ ಇಲ್ಲ. ಎಟಿಪಿ ಮಾತ್ರ ಆರಾಮಾಗಿ ಬರುತ್ತದೆ. ಇದೇ ಟಿ315ಐ. ಇದೇ ಬಗೆಯ ಬೇರೆ ಮಾತ್ರೆಗಳಾದ ಡಾಸಾಟಿನಿಬ್, ನಿಲೋಟಿನಿಬ್ ಕೂಡ ಇದರ ಮುಂದೆ ಸೋಲುತ್ತವೆ. ಪೊನಾಟಿನಿಬ್ ಗೆಲ್ಲುತ್ತದೆ. ಅಸಿಮಿನಿಬ್ ಎಂಬ ಹೊಸ ಔಷಧಿ ಆ ಗುಂಡಿಯ ತಂಟೆಗೇ ಹೋಗದೆ ಪ್ರೋಟೀನಿನ ಇನ್ನೊಂದು ಕಡೆ ಕೂತು ಅದನ್ನು ಮುಚ್ಚಿಸುತ್ತದೆ. ನಿಮಗೆ ಇವುಗಳ ಅಗತ್ಯ ಈಗ ಇಲ್ಲ. ದಾರಿ ಇದೆ ಅಂತ ಗೊತ್ತಿರಲಿ.

ಮುಖ ಬೆಳ್ಳಗಾದದ್ದು ಕಾಯಿಲೆಯಿಂದ ಅಲ್ಲ, ಮಾತ್ರೆಯಿಂದ. ಇಮ್ಯಾಟಿನಿಬ್ ಎಬಿಎಲ್ ಒಂದನ್ನೇ ತಡೆಯುವುದಿಲ್ಲ. ಕಿಟ್ ಎಂಬ ಕೈನೇಸನ್ನೂ ತಡೆಯುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೆ ಬಣ್ಣ ತಯಾರಿಸು ಅನ್ನುವ ಸಂದೇಶ ಹೋಗುವುದು ಕಿಟ್ ಮೂಲಕ. ಅಲ್ಲಿ ಯಾವ ಜೀನೂ ಬದಲಾಗಿಲ್ಲ, ಕೋಶವೂ ಆರೋಗ್ಯವಾಗಿಯೇ ಇದೆ. ಪ್ರೋಟೀನಿನ ಚಟುವಟಿಕೆ ತಗ್ಗಿದೆ, ಬಣ್ಣ ತಗ್ಗಿದೆ. ನಮ್ಮಂಥ ಕಪ್ಪು, ಗೋಧಿ ಬಣ್ಣದವರಲ್ಲಿ ಇದು ಎದ್ದು ಕಾಣುತ್ತದೆ. ಡೋಸ್ ಕಡಿಮೆ ಮಾಡಿದರೆ ಅಥವಾ ಔಷಧಿ ನಿಂತರೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಆದರೆ ಬರೀ ಇದಕ್ಕಾಗಿ ಡೋಸ್ ಇಳಿಸಬೇಡಿ. ತೋಟಕ್ಕೆ ಹೋಗುವಾಗ ಟೊಪ್ಪಿ, ತುಂಬು ತೋಳಿನ ಅಂಗಿ ಇರಲಿ. ಕಣ್ಣಿನ ಸುತ್ತ ಊದುವುದೂ ಈ ಮಾತ್ರೆಯಲ್ಲಿ ತುಂಬಾ ಮಾಮೂಲಿ. ಉಪ್ಪು ಕಡಿಮೆ ಮಾಡಿ ನೋಡಿ. ಮೈ ತೂಕ ಬೇಗ ಬೇಗ ಏರಿದರೆ, ಉಸಿರು ಕಟ್ಟಿದರೆ ತಡ ಮಾಡದೆ ತೋರಿಸಿ.

ಮಾತ್ರೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಲಿ. ಹಿತ್ತಲಲ್ಲಿ ಚಕ್ಕೋತದ ಮರ ಇದ್ದರೆ ಹಣ್ಣು ಉಳಿದವರು ತಿನ್ನಲಿ. ಇಮ್ಯಾಟಿನಿಬ್ ಅನ್ನು ದೇಹದಿಂದ ಹೊರಹಾಕುವ ಕಿಣ್ವವನ್ನು ಗ್ರೇಪ್‌ಫ್ರೂಟ್ ತಡೆಯುತ್ತದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಹಾಗಾಗಿ ಚಕ್ಕೋತದಲ್ಲೂ ಅಂಥದೇ ವಸ್ತುಗಳಿವೆ. ಇದಕ್ಕೆ ಉಲ್ಟಾ, ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಮ್ಯಾಟಿನಿಬ್ ಅಂಶವನ್ನು ರಕ್ತದಲ್ಲಿ ತೀರಾ ಇಳಿಸಿಬಿಡುತ್ತವೆ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ, ನಾಟಿ ಔಷಧಿ ತೆಗೆದುಕೊಳ್ಳುವುದಿದ್ದರೂ, ಈ ಮಾತ್ರೆಯ ಹೆಸರು ಮೊದಲು ಹೇಳಲಿ.

ನಿಮಗೂ ತಮ್ಮನಿಗೂ ಬರುತ್ತದಾ ಎಂಬುದಕ್ಕೆ ಉತ್ತರ ಚಿಕ್ಕದು. ಬದಲಾವಣೆ ಆದದ್ದು ಅವರ ಮಜ್ಜೆಯ ಒಂದು ಕೋಶದಲ್ಲಿ, ನೀವು ಹುಟ್ಟಿ ಎಷ್ಟೋ ವರ್ಷದ ಮೇಲೆ. ವೀರ್ಯದಲ್ಲಾಗಲಿ, ಉಳಿದ ಅಂಗಗಳಲ್ಲಾಗಲಿ ಅದು ಇಲ್ಲ. ಅಪ್ಪನಿಂದ ಮಕ್ಕಳಿಗೆ ದಾಟುವುದಿಲ್ಲ. ನೀವಿಬ್ಬರೂ ಬಿಸಿಆರ್-ಎಬಿಎಲ್ ಟೆಸ್ಟಿಗೆ ದುಡ್ಡು ಹಾಕಬೇಡಿ.

ಮುಂದಿನ ಟೆಸ್ಟನ್ನು ಮೂರು ತಿಂಗಳಿಗೆ, ಅದೇ ಲ್ಯಾಬಿನಲ್ಲಿ ಮಾಡಿಸಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ ಡಾಕ್ಟರ್ ಹತ್ತಿರ ಒಯ್ಯಿರಿ. 0.1ರ ಮೇಲೆ ಬಂದರೆ, ಮೊದಲು ತಂದೆಯವರನ್ನು ಒಬ್ಬರೇ ಕೂರಿಸಿಕೊಂಡು, ಬೈಯದೆ, ಮಾತ್ರೆ ಎಷ್ಟು ದಿನ ತಪ್ಪಿತು ಅಂತ ಕೇಳಿ. ಒಂದೂ ತಪ್ಪಿಲ್ಲ, ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಮಾಡಿಸಿದಾಗಲೂ ಏರಿದೆ ಎಂದಾದರೆ, ಟಿ315ಐಯಂಥ ಬದಲಾವಣೆ ಹುಡುಕುವ ಮ್ಯುಟೇಶನ್ ಟೆಸ್ಟ್ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.